ಸಾಮಾನು ಕಟ್ಟುವ ಮೊದಲು ಬಾಗಿಲು ಅಳೆಯಿರಿ

ಪ್ರಶ್ನೆ: ನಾವು ತುಮಕೂರಿನ ಚಿಕ್ಕಪೇಟೆಯ ಹಂಚಿನ ಮನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಬಾಡಿಗೆಗಿದ್ದೇವೆ. ಮಾಲೀಕರು ಮನೆ ಕೆಡವಿ ಹೊಸದು ಕಟ್ಟಿಸುತ್ತಾರಂತೆ. ಆಷಾಢ ಹುಟ್ಟುವುದರೊಳಗೆ ಖಾಲಿ ಮಾಡಬೇಕು. ಮನೆಯಲ್ಲಿ ಐದು ಜನ: ನಾನು, ಯಜಮಾನರು, ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಎಪ್ಪತ್ನಾಲ್ಕು ವರ್ಷದ ಅತ್ತೆ. ಜಯನಗರ, ಶೆಟ್ಟಿಹಳ್ಳಿ ರಸ್ತೆ ಕಡೆ ಮೂರು ಮನೆ ನೋಡಿದ್ದೇವೆ. ಒಂದು, ಮಾಲೀಕರು ಕೆಳಗಿದ್ದು ಮೇಲೆ ಎರಡು ಮನೆ ಬಾಡಿಗೆಗೆ ಕೊಟ್ಟಿರುವ ಕಟ್ಟಡದ ಮೊದಲ ಮಹಡಿ. ಇನ್ನೊಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿ, ಲಿಫ್ಟ್ ಇದೆ. ಮತ್ತೊಂದು ಹಿತ್ತಲಿರುವ ಹಳೇ ಆರ್‌ಸಿಸಿ ಮನೆ, ನೆಲದ ಮೇಲೇ ಇದೆ, ಆದರೆ ಮೂರು ವರ್ಷಕ್ಕೆ ಭೋಗ್ಯಕ್ಕೆ ಮಾತ್ರ ಕೊಡುತ್ತಾರಂತೆ. ಯಾವುದನ್ನು ಹಿಡಿಯುವುದು, ಸಾಮಾನು ಸಾಗಿಸುವುದನ್ನು ಎಲ್ಲಿಂದ ಶುರು ಮಾಡುವುದು ಒಂದೂ ತೋಚುತ್ತಿಲ್ಲ. ಇದರ ಮೇಲೆ ಅತ್ತೆಯವರು ಅಡುಗೆಮನೆಯ ಒರಳುಕಲ್ಲು ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದಾರೆ.

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಮನೆಗೂ ಮಹಡಿ ಬರೆದಿದ್ದೀರಿ, ಬಾಡಿಗೆಯೋ ಭೋಗ್ಯವೋ ಬರೆದಿದ್ದೀರಿ. ಒಂದರ ಮೆಟ್ಟಿಲ ಅಗಲವೂ ಇಲ್ಲ, ಸಂಪಿನ ಅಳತೆಯೂ ಇಲ್ಲ. ನಿಮ್ಮನ್ನು ದೂರುತ್ತಿಲ್ಲ. ಮನೆ ನೋಡಲು ಹೋದವರೆಲ್ಲ ಟೈಲ್ಸ್ ನೋಡುತ್ತಾರೆ, ಬಾಗಿಲು ಪೂರ್ವಕ್ಕಿದೆಯೇ ನೋಡುತ್ತಾರೆ, ದೇವರ ಮನೆ ಬೇರೆ ಇದೆಯೇ ಕೇಳುತ್ತಾರೆ. ಟೇಪು ಹಿಡಿದುಕೊಂಡು ಹೋದವರನ್ನು ನಾನು ಕಂಡದ್ದು ಕಡಿಮೆ. ಮಂಡಿಪೇಟೆಯಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದವನು ಮನೆ ಸಾಮಾನು ಸಾಗಿಸುವ ಕೆಲಸಕ್ಕೆ ಇಳಿದು ಇಪ್ಪತ್ತೆರಡು ವರ್ಷವಾಯಿತು. ಊರೊಳಗೇ ಮನೆ ಬದಲಾಯಿಸುವಾಗ ಗಾಡಿ ಓಡುವ ದೂರಕ್ಕೆ ದುಡ್ಡು ಹೋಗುವುದು ಚಿಲ್ಲರೆ ಲೆಕ್ಕ. ಬಾಗಿಲಲ್ಲಿ, ಮೆಟ್ಟಿಲ ತಿರುವಿನಲ್ಲಿ, ಗಾಡಿ ನುಗ್ಗದ ಓಣಿಯಲ್ಲಿ ಹೊತ್ತೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಹಾಗಾಗಿ ಈಗಲೇ ರಟ್ಟಿನ ಡಬ್ಬ ಹುಡುಕಬೇಡಿ. ಮೊದಲು ಆ ಮೂರು ಮನೆಗೆ ಇನ್ನೊಂದು ಸಲ ಹೋಗಿ ಬನ್ನಿ, ಟೇಪು ಹಿಡಿದು.

ನೀವು ನೋಡುತ್ತಿರುವ ಕಡೆ ಒಂದೇ ರಸ್ತೆಯಲ್ಲಿ ಮೂರು ಕಾಲದ ಮನೆಗಳಿವೆ. ನಲವತ್ತು ಅರವತ್ತರ ಸೈಟಿನಲ್ಲಿ ಸುತ್ತ ತೆಂಗಿನಮರ ಬಿಟ್ಟು ಕಟ್ಟಿದ ಹಳೇ ಮನೆ, ಪಕ್ಕದಲ್ಲೇ ಮೂವತ್ತು ನಲವತ್ತರಲ್ಲಿ ಮೂರು ಮಹಡಿ ಎಬ್ಬಿಸಿದ ಬಾಡಿಗೆ ಕಟ್ಟಡ, ಮೂಲೆಯಲ್ಲಿ ಅಪಾರ್ಟ್‌ಮೆಂಟ್. ಸಾಮಾನು ಒಂದೇ ಆದರೂ ಮೂರು ಕಡೆಗೂ ಬೇರೆ ಬೇರೆ ಕೆಲಸ. ಹಳೇ ಮನೆಗೆ ಟೆಂಪೋ ಗೇಟಿನ ತನಕ ಬಂದು ನಿಲ್ಲುತ್ತದೆ, ನಾಲ್ಕು ಜನ ಎರಡು ಗಂಟೆಯಲ್ಲಿ ಇಳಿಸಿ ಮುಗಿಸುತ್ತಾರೆ. ಮೂವತ್ತು ನಲವತ್ತರ ಕಟ್ಟಡದಲ್ಲಿ ಮೆಟ್ಟಿಲು ಹೊರಗೆ ಕಾಂಪೌಂಡಿಗೆ ಅಂಟಿಕೊಂಡಂತೆ ಇರುತ್ತದೆ. ಜಾಗ ಉಳಿಸಲು ಅಗಲವನ್ನು ಎರಡೂಮುಕ್ಕಾಲು ಅಡಿಗೆ ಇಳಿಸಿರುತ್ತಾರೆ, ಅದರಲ್ಲೂ ಒಂದು ತಿರುವು.

ಆ ತಿರುವಿನ ಕಥೆ ಹೇಳಬೇಕು. ನಿಮ್ಮ ಮನೆಯಲ್ಲಿ ದೊಡ್ಡ ಕಬ್ಬಿಣದ ಬೀರು ಇದ್ದೇ ಇರುತ್ತದೆ, ಮದುವೆಯಲ್ಲಿ ಬಂದದ್ದು. ಸಾಮಾನ್ಯವಾಗಿ ಅದರ ಎತ್ತರ ಆರೂವರೆ ಅಡಿ, ಅಗಲ ಮೂರು ಅಡಿ, ಆಳ 19 ಇಂಚು. ಮೆಟ್ಟಿಲ ತಿರುವಿನಲ್ಲಿ ಮಲಗಿಸಿಕೊಂಡು ಬಂದ ಬೀರುವನ್ನು ಎಬ್ಬಿಸಿ ನಿಲ್ಲಿಸಿ ತಿರುಗಿಸಬೇಕು. ಎಬ್ಬಿಸುವಾಗ ಮೂಲೆಯಿಂದ ಮೂಲೆಗೆ ಜಾಗ ಬೇಕಾಗುತ್ತದೆ. ಬೆನ್ನಿನ ಮೇಲೆ ಮಲಗಿಸಿ ಎಬ್ಬಿಸಿದರೆ 6 ಅಡಿ 9 ಇಂಚು ಎತ್ತರ ಸಾಕು. ಪಕ್ಕದ ಮೇಲೆ ಮಲಗಿಸಿ ಎಬ್ಬಿಸಿದರೆ 7 ಅಡಿ 2 ಇಂಚು ಬೇಕು. ಮೇಲಿನ ಮೆಟ್ಟಿಲ ಸ್ಲ್ಯಾಬು ತಲೆ ಮೇಲೆ ಏಳು ಅಡಿಗೇ ಇದ್ದರೆ ಒಂದು ರೀತಿಯಲ್ಲಿ ಬೀರು ತಿರುಗುತ್ತದೆ, ಇನ್ನೊಂದು ರೀತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ತಿಳಿಯದ ಹುಡುಗರು ಅರ್ಧ ಗಂಟೆ ಬೆವರು ಸುರಿಸಿ, ಗೋಡೆಯ ಬಣ್ಣ ಕೆರೆದು, ಕೊನೆಗೆ "ಹಗ್ಗ ಕಟ್ಟಿ ಬಾಲ್ಕನಿಗೆ ಎಳೆಯೋಣ ಅಣ್ಣ" ಎನ್ನುತ್ತಾರೆ.

ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಹಾಗೇ ಎಳೆಸಿದ್ದೆ. ಹಗ್ಗ ಪ್ಯಾರಪೆಟ್ಟಿನ ಅಂಚಿಗೆ ಉಜ್ಜಿ ಜಾರಿತು. ಬೀರು ಸಜ್ಜದ ಮೇಲೆ ಕೂತು ಮೂಲೆ ಒಡೆಯಿತು, ಕನ್ನಡಿ ಪುಡಿಯಾಯಿತು. ಸಜ್ಜ ರಿಪೇರಿ ಮಾಡಿಸಿ, ಕನ್ನಡಿ ಹಾಕಿಸಿ ಕೊಟ್ಟೆ, ಎರಡು ವಾರದ ದುಡಿಮೆ ಅದಕ್ಕೇ ಹೋಯಿತು. ಕೆಳಗೆ ಯಾರೂ ನಿಂತಿರಲಿಲ್ಲ ಎನ್ನುವುದೊಂದೇ ಪುಣ್ಯ. ಬಾಲ್ಕನಿ ಮುಂದೆ ಕರೆಂಟಿನ ತಂತಿ ಹಾದಿದ್ದರಂತೂ ಹಗ್ಗದ ಮಾತೇ ಬೇಡ.

ಅಳೆಯಬೇಕಾದ್ದು ಇಷ್ಟೇ: ಮುಂಬಾಗಿಲ ಅಗಲ ಎತ್ತರ, ಮಲಗುವ ಕೋಣೆಯ ಬಾಗಿಲು, ಮೆಟ್ಟಿಲ ಅಗಲ, ತಿರುವಿನಲ್ಲಿ ತಲೆ ಮೇಲಿನ ಎತ್ತರ, ಫ್ರಿಜ್ ಇಡುವ ಜಾಗ. ಬಾಗಿಲು ಅಳೆಯುವಾಗ ಚೌಕಟ್ಟಿನ ಹೊರಗಿನ ಅಳತೆ ತೆಗೆಯಬೇಡಿ. ಬಾಗಿಲು ಪೂರ್ತಿ ತೆರೆದು ಒಳಗೆ ಸಿಗುವ ಖಾಲಿ ಜಾಗ ಅಳೆಯಿರಿ, ಚಿಲಕ ಮುಂದಕ್ಕೆ ಚಾಚಿದ್ದರೆ ಅದನ್ನೂ ಕಳೆಯಿರಿ. ಇದೇ ಟೇಪಿನಲ್ಲಿ ನಿಮ್ಮ ಬೀರು, ಮಂಚ, ಫ್ರಿಜ್, ಊಟದ ಮೇಜು ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹಳೇ ಮನೆಯೊಳಗೆ ಬಂದ ಸಾಮಾನೆಲ್ಲ ಹೊರಗೂ ಹೋಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಎಷ್ಟೋ ಪೇಟೆ ಮನೆಗಳಲ್ಲಿ ಬಡಗಿ ಮಂಚವನ್ನು ಕೋಣೆಯೊಳಗೇ ಕೂತು ಮಾಡಿರುತ್ತಾನೆ. ಅದಕ್ಕೆ ಬೋಲ್ಟಿಲ್ಲ, ಮೊಳೆ ಮತ್ತು ಗೋಂದು. ಅಂಥದ್ದನ್ನು ಬಿಚ್ಚಿಸಲು ಬಡಗಿಯನ್ನೇ ಮೊದಲ ದಿನ ಕರೆಸಬೇಕು.

ಇನ್ನು ನೀರು. ತುಮಕೂರಲ್ಲಿ ಬಾಡಿಗೆ ಮನೆ ಹಿಡಿಯುವವರು ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು ಎಂದೇ ನನ್ನ ಅಭಿಪ್ರಾಯ. ಊರಿಗೆ ಹೇಮಾವತಿ ನೀರು ನಾಲೆಯಲ್ಲಿ ಬಂದು ಬುಗುಡನಹಳ್ಳಿ ಕೆರೆಯಲ್ಲಿ ನಿಂತು, ಅಲ್ಲಿಂದ ಬಡಾವಣೆಗಳಿಗೆ ಹಂಚಿಕೆಯಾಗುತ್ತದೆ. ನಲ್ಲಿ ದಿನಾ ಬರುವುದಿಲ್ಲವಾದ್ದರಿಂದ ಮನೆಯ ಸಂಪೇ ನಿಮ್ಮ ಕೆರೆ. ಸಂಪಿನ ಮುಚ್ಚಳ ತೆಗೆಸಿ ಒಳಗೆ ಬಿದಿರು ಕೋಲು ಇಳಿಸಿ ಅಳೆಯಿರಿ. ಮಾಲೀಕರು "ಹತ್ತು ಸಾವಿರ ಲೀಟರ್ ಸಂಪು ಕಣಮ್ಮ" ಎನ್ನುತ್ತಾರೆ, ಸುಳ್ಳು ಹೇಳುವ ಉದ್ದೇಶದಿಂದಲ್ಲ, ಮೇಸ್ತ್ರಿ ಹೇಳಿದ್ದನ್ನೇ ಹೇಳುತ್ತಾರೆ. ಆರು ಅಡಿ ಉದ್ದ, ಆರು ಅಡಿ ಅಗಲ, ಐದು ಅಡಿ ಆಳದ ಸಂಪು 180 ಘನ ಅಡಿ. ಘನ ಅಡಿಗೆ 28 ಲೀಟರ್ ಚಿಲ್ಲರೆ. ಅಲ್ಲಿಗೆ ಸುಮಾರು 5,000 ಲೀಟರ್ ಆಯಿತು. ಒಳಚರಂಡಿ ಇರುವ ಊರುಗಳಿಗೆ ಸರ್ಕಾರಿ ಲೆಕ್ಕದಲ್ಲಿ ತಲೆಗೆ ದಿನಕ್ಕೆ 135 ಲೀಟರ್. ನಿಮ್ಮದೊಂದೇ ಸಂಸಾರವಾದರೆ ಐದು ಜನಕ್ಕೆ 675 ಲೀಟರ್, ಸಂಪು ಒಂದು ವಾರ ಬರುತ್ತದೆ. ಆ ಮೊದಲ ಮಹಡಿ ಮನೆಯಲ್ಲಿ ಸಂಪು ಮೂರು ಸಂಸಾರಕ್ಕೆ ಸೇರಿದ್ದು. ಹದಿಮೂರು ಜನ ಎಂದು ಹಿಡಿದರೆ ಪೂರ್ತಿ ಮೂರು ದಿನವೂ ಬರುವುದಿಲ್ಲ. ನೀರು ಬಿಡುವುದು ನಾಲ್ಕನೇ ದಿನಕ್ಕೆ ಜಾರಿದರೆ ಟ್ಯಾಂಕರ್ ಯಾರು ತರಿಸಬೇಕು, ದುಡ್ಡು ಹೇಗೆ ಹಂಚಿಕೊಳ್ಳಬೇಕು ಎಂಬ ಮಾತು ಅಡ್ವಾನ್ಸ್ ಕೊಡುವ ಮೊದಲೇ ಆಗಬೇಕು. ಆಮೇಲೆ ಆದರೆ ಅದು ಮೆಟ್ಟಿಲ ಮೇಲೆ ಜಗಳವಾಗಿ ಆಗುತ್ತದೆ.

ಬೋರ್ ನೀರು ಬೆರೆಯುತ್ತದೆಯೇ ಅದನ್ನೂ ಕೇಳಿ. ಬಾತ್‌ರೂಮಿನ ನಲ್ಲಿಯ ಬಾಯಿ ನೋಡಿದರೆ ಕೇಳುವ ಅಗತ್ಯವೂ ಇಲ್ಲ, ಬಿಳಿ ಹರಳು ಕಟ್ಟಿದ್ದರೆ ಗಡಸು ನೀರು. ಬಟ್ಟೆಗೆ ಸೋಪು ಹೆಚ್ಚು, ಗೀಸರಿನ ಕಾಯಿಲ್ ಆಯಸ್ಸು ಕಡಿಮೆ. ಕುಡಿಯಲು ಹತ್ತಿರದಲ್ಲಿ ಶುದ್ಧ ನೀರಿನ ಘಟಕ ಎಲ್ಲಿದೆ ನೋಡಿಕೊಳ್ಳಿ. 20 ಲೀಟರ್ ಕ್ಯಾನನ್ನು ಮೊದಲ ಮಹಡಿಗೆ ದಿನ ಬಿಟ್ಟು ದಿನ ಹೊರುವವರು ನಿಮ್ಮ ಮನೆಯಲ್ಲಿ ಯಾರು ಎನ್ನುವುದು ನನಗೆ ಗೊತ್ತಿಲ್ಲದಿದ್ದರೂ ನಿಮಗೆ ಗೊತ್ತು.

ನೀರಿನ ಜೊತೆಗೇ ಮೋಟರಿನ ಪ್ರಶ್ನೆ ಬರುತ್ತದೆ. ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರು ಯಾರ ಮೀಟರಿಗೆ ಸೇರಿದೆ? ಗೃಹಜ್ಯೋತಿ ಬಂದ 2023ರಿಂದ ಇದು ದೊಡ್ಡ ವಿಷಯವಾಗಿದೆ. ನಿಮಗೆ ನಿಗದಿಯಾದ ಯೂನಿಟ್ಟಿನೊಳಗಿದ್ದರೆ ಬಿಲ್ಲು ಸೊನ್ನೆ. ಅದನ್ನು ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಮೂರು ಮನೆಯ ಮೋಟರು ನಿಮ್ಮ ಮೀಟರಿಗೆ ಕೂತಿದ್ದರೆ ಬೇಸಿಗೆಯಲ್ಲಿ ಆ ಗೆರೆ ದಾಟುವುದು ಕಷ್ಟವೇನಲ್ಲ. ಬಾಡಿಗೆ ಮನೆಗೆ ಬೇರೆ ಮೀಟರೇ ಇಲ್ಲದೆ, ಮಾಲೀಕರು ಯೂನಿಟ್ಟಿಗಿಷ್ಟು ಎಂದು ತಾವೇ ವಸೂಲಿ ಮಾಡುವ ಮನೆಗಳೂ ಇವೆ. ಅಲ್ಲಿ ನಿಮ್ಮ ಹೆಸರಲ್ಲಿ ಗೃಹಜ್ಯೋತಿ ಸಿಗುವುದಿಲ್ಲ, ಅದಕ್ಕೆ ಕರೆಂಟ್ ಸಂಪರ್ಕದ ಸಂಖ್ಯೆಯಾದ ಆರ್‌.ಆರ್. ನಂಬರ್ ಬೇಕು. ಈಗಿರುವ ಮನೆಯ ಆರ್‌.ಆರ್. ನಂಬರಿಗೆ ಯಜಮಾನರ ಆಧಾರ್ ಜೋಡಿಸಿದ್ದರೆ ಸೇವಾ ಸಿಂಧುವಿನಲ್ಲಿ ಅದನ್ನು ಬಿಡಿಸಿ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಹೊಸ ಮನೆಯಲ್ಲಿ ಹಿಂದಿದ್ದವರು ತಮ್ಮದನ್ನು ಬಿಡಿಸದೆ ಹೋಗಿದ್ದರೆ ನಿಮ್ಮದು ಸಿಕ್ಕಿಕೊಳ್ಳುತ್ತದೆ. ಅವರು ಊರು ಬಿಡುವ ಮೊದಲು ಇದೊಂದು ಮಾಡಿಸಿ ಎಂದು ಮಾಲೀಕರಿಗೆ ಹೇಳಿ.

ಅಪಾರ್ಟ್‌ಮೆಂಟಿಗೆ ಬರೋಣ. ಲಿಫ್ಟ್ ಇದೆ ಎಂದು ನೀವು ನೆಮ್ಮದಿಯಿಂದ ಬರೆದಿದ್ದೀರಿ. ಅತ್ತೆಯವರ ಪಾಲಿಗೆ ಅದು ನೆಮ್ಮದಿಯೇ, ಕರೆಂಟ್ ಹೋದಾಗ ಜನರೇಟರಿನಲ್ಲಿ ಲಿಫ್ಟೂ ಓಡುವುದಾದರೆ. ವರಾಂಡದ ದೀಪಕ್ಕೆ ಮಾತ್ರ ಜನರೇಟರ್ ಇಟ್ಟಿರುವ ಕಟ್ಟಡಗಳಿವೆ, ಕೇಳಿ ತಿಳಿಯಿರಿ. ಸಾಮಾನಿಗೆ ಆ ಲಿಫ್ಟಿನಿಂದ ಹೆಚ್ಚೇನೂ ಉಪಯೋಗವಿಲ್ಲ. ಚಿಕ್ಕ ಕಟ್ಟಡಗಳಲ್ಲಿರುವುದು ಆರು ಜನರ ಲಿಫ್ಟ್: 408 ಕೆ.ಜಿ. ತೂಕದ ಮಿತಿ, ಒಳಗೆ ಸುಮಾರು ಮೂರೂವರೆ ಅಡಿಗೆ ಮೂರೂಕಾಲು ಅಡಿ ಜಾಗ, ಬಾಗಿಲು ತೆರೆದರೆ 70 ಸೆಂಟಿಮೀಟರ್, ಅಂದರೆ ಎರಡೂಕಾಲು ಅಡಿ ಚಿಲ್ಲರೆ. ಡಬ್ಬಗಳು, ಮೂಟೆಗಳು, ಸಣ್ಣ ಫ್ರಿಜ್ ಹೋಗುತ್ತವೆ. ಬೀರು, ಆರು ಅಡಿ ಮಂಚದ ತಲೆದಿಂಬಿನ ಹಲಗೆ, ಸ್ಪ್ರಿಂಗ್ ಹಾಸಿಗೆ ಮೂರು ಮಹಡಿ ಮೆಟ್ಟಿಲಲ್ಲೇ. ಹಮಾಲರ ಜೊತೆ ರೇಟು ಮಾತಾಡುವಾಗ "ಲಿಫ್ಟ್ ಇದೆ" ಎಂದು ಹೇಳಿ ಕಡಿಮೆ ಮಾಡಿಸಿಕೊಂಡವರು, ಸಾಮಾನು ಇಳಿಸುವಾಗ ಜಗಳ ಕಾದು ಅದಕ್ಕಿಂತ ಹೆಚ್ಚು ಕೊಟ್ಟದ್ದನ್ನು ನೋಡಿದ್ದೇನೆ. ಸಂಘದವರು ಸಾಮಾನು ಏರಿಸಲು ಯಾವ ಹೊತ್ತಿಗೆ ಬಿಡುತ್ತಾರೆ, ಗಾಡಿ ಒಳಗೆ ಬಿಡುತ್ತಾರಾ, ತಿಂಗಳ ಮೇಂಟೆನೆನ್ಸ್ ಯಾರು ಕಟ್ಟುವುದು, ಇವು ಮೂರೂ ಬರವಣಿಗೆಯಲ್ಲಿರಲಿ.

ಭೋಗ್ಯದ ಮನೆ ಕಾಲಿಗೆ ಸುಖ, ಕಾಗದಕ್ಕೆ ಕಷ್ಟ. ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಟ್ಟು ಬಾಡಿಗೆ ಇಲ್ಲದೆ ಇರುತ್ತೀರಿ, ಮೂರು ವರ್ಷದ ಮೇಲೆ ಅದೇ ಹಣ ಹಿಂದಕ್ಕೆ ಬರಬೇಕು. ಮಾಲೀಕರು ಅದನ್ನು ಮಗಳ ಮದುವೆಗೋ ಹಳೇ ಸಾಲಕ್ಕೋ ಹಾಕಿಕೊಂಡಿರುತ್ತಾರೆ. ಅವರು ಎಷ್ಟೇ ಸಜ್ಜನರಾಗಿರಲಿ, ಬ್ಯಾಂಕಿನಲ್ಲಿ ಆ ಮನೆ ಅಡವಿದ್ದರೆ ಬ್ಯಾಂಕಿನವರ ಹಕ್ಕೇ ಮೊದಲು. ಕಾವೇರಿ ಪೋರ್ಟಲಿನಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ಋಣಭಾರ ತೋರಿಸುವ ಪತ್ರ, ತೆಗೆಸಿ ನೋಡಿ. ಅಷ್ಟಕ್ಕೇ ನಿಲ್ಲಬೇಡಿ, "ಮೂಲ ಕ್ರಯಪತ್ರ ಒಂದ್ಸಲ ತೋರಿಸಿ ಸ್ವಾಮಿ" ಎನ್ನಿ. ಜೆರಾಕ್ಸ್ ಮುಂದಿಟ್ಟರೆ ಮೂಲ ಎಲ್ಲಿದೆ ಕೇಳಿ. ಸಾಲ ಮಾಡಿದವರ ಮೂಲಪತ್ರ ಬ್ಯಾಂಕಿನ ಬೀರುವಿನಲ್ಲಿರುತ್ತದೆ. ಒಂದು ವರ್ಷ ಮೀರಿದ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಬಾಡಿಗೆ ಕರಾರುಗಳೆಲ್ಲ ಹನ್ನೊಂದು ತಿಂಗಳಿಗೆ ನಿಲ್ಲುವುದು ಈ ಕಾರಣಕ್ಕೇ. ಮೂರು ವರ್ಷದ ಭೋಗ್ಯವನ್ನು ಛಾಪಾಕಾಗದದಲ್ಲಿ ಬರೆದು ನೋಟರಿ ಮೊಹರು ಹಾಕಿಸಿ ಮುಗಿಸೋಣ ಎಂದರೆ ಒಪ್ಪಬೇಡಿ. ಹಣ ಚೆಕ್ಕಿನಲ್ಲೋ ಆರ್‌ಟಿಜಿಎಸ್‌ನಲ್ಲೋ ಹೋಗಲಿ. ಒಬ್ಬ ವಕೀಲರಿಗೆ ಕಾಗದ ತೋರಿಸುವ ಖರ್ಚು ಈ ಮೊತ್ತದ ಮುಂದೆ ಏನೂ ಅಲ್ಲ.

ನನ್ನನ್ನು ಕೇಳಿದರೆ, ಮೂಲಪತ್ರ ಕಣ್ಣಿಗೆ ಬಿದ್ದು ವಕೀಲರು ಹೂಂ ಎಂದರೆ ಹಿತ್ತಲಿನ ಮನೆಯೇ ನಿಮಗೆ ಸರಿ. ಮೊಣಕಾಲು ನೋವಿನವರಿಗೆ ಹಿತ್ತಲು ಎಂದರೆ ಸಂಜೆ ಬಿಸಿಲಿಗೆ ಕೂರುವ ಜಾಗ, ತುಳಸಿಗೆ ನೀರು ಹಾಕಲು ನಡೆಯುವ ಹತ್ತು ಹೆಜ್ಜೆ. ಚಿಕ್ಕಪೇಟೆಯಲ್ಲಿ ಬಾಗಿಲು ತೆರೆದರೆ ಮಾತಿಗೆ ಜನ ಸಿಗುತ್ತಿದ್ದರು. ಮೂರನೇ ಮಹಡಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಕಾಗದ ಸರಿಯಿಲ್ಲದಿದ್ದರೆ ಅಪಾರ್ಟ್‌ಮೆಂಟು. ಮೊದಲ ಮಹಡಿ ಮನೆಯನ್ನು, ಸಂಪು ದೊಡ್ಡದಿದ್ದರೂ, ಅತ್ತೆಯವರ ಕಾಲಿಗಾಗಿ ನಾನು ಕೊನೆಗಿಡುತ್ತೇನೆ.

ದಿನದ ವಿಷಯ. ಆಷಾಢದಲ್ಲಿ ಯಾರೂ ಮನೆ ಹೊಗುವುದಿಲ್ಲ, ಹಾಗಾಗಿ ಜ್ಯೇಷ್ಠದ ಕೊನೇ ವಾರ ಊರಿನ ಹಮಾಲರೂ ಟೆಂಪೋಗಳೂ ಒಂದೇ ಸಲ ಎಲ್ಲರಿಗೂ ಬೇಕಾಗುತ್ತವೆ. ಅದರಲ್ಲೂ ಭಾನುವಾರ ಮುಹೂರ್ತ ಬಿದ್ದರೆ ಕೇಳಿದಷ್ಟು ಕೊಡಬೇಕು. ಹಲವರು ಮಾಡುವ ಉಪಾಯವೊಂದಿದೆ. ಒಳ್ಳೇ ದಿನ ನೋಡಿ ಬೆಳಗ್ಗೆ ದೇವರ ಪಟ, ಒಂದು ಬಿಂದಿಗೆ ನೀರು, ಅಕ್ಕಿ, ಉಪ್ಪು, ಅರಿಶಿನ ಕುಂಕುಮ, ಒಲೆ ಇಷ್ಟನ್ನು ಆಟೋದಲ್ಲಿ ಒಯ್ದು ಹಾಲು ಉಕ್ಕಿಸಿ ದೀಪ ಹಚ್ಚಿ ಬಂದುಬಿಡುವುದು. ಸಾಮಾನು ಮುಂದಿನ ವಾರ ಗಾಡಿ ಸಲೀಸಾಗಿ ಸಿಗುವ ಮಂಗಳವಾರ ಬುಧವಾರದಲ್ಲಿ. ಅತ್ತೆಯವರು ಒಪ್ಪಿದರೆ ನಿಮಗೆ ಖರ್ಚೂ ಉಳಿಯುತ್ತದೆ, ನಡುವೆ ಸಿಕ್ಕ ದಿನಗಳಲ್ಲಿ ಹೊಸ ಮನೆಯ ನಲ್ಲಿ, ಸ್ವಿಚ್ಚು, ಕಿಟಕಿ ಚಿಲಕ ರಿಪೇರಿಯೂ ಆಗುತ್ತದೆ. ಖಾಲಿ ಮನೆಯಲ್ಲಿ ಪ್ಲಂಬರ್ ಒಂದು ಗಂಟೆಯಲ್ಲಿ ಮುಗಿಸುವುದನ್ನು ಸಾಮಾನು ತುಂಬಿದ ಮನೆಯಲ್ಲಿ ಅರ್ಧ ದಿನ ಎಳೆಯುತ್ತಾನೆ. ಆ ಹೊತ್ತಿನಲ್ಲಿ ಮಳೆ ಬಂದರೆ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ, ಆದ್ದರಿಂದ ಬೆಳಗ್ಗೆ ಆರಕ್ಕೆ ಶುರು ಮಾಡಿ. ಪೇಟೆಯ ಓಣಿಯಲ್ಲಿ ಗಾಡಿ ನಿಲ್ಲಿಸಲು ಅಂಗಡಿ ಬಾಗಿಲು ತೆರೆಯುವುದರೊಳಗೇ ಜಾಗ.

ಗಾಡಿ ಯಾವುದು? ಟಾಟಾ ಏಸ್ ಹಿಂಬದಿ ಏಳು ಅಡಿ ಉದ್ದ, ಐದಕ್ಕೆ ಸ್ವಲ್ಪ ಕಡಿಮೆ ಅಗಲ, ಮುಕ್ಕಾಲು ಟನ್ ತೂಕ. ಬೊಲೆರೊ ಪಿಕಪ್ಪು ಎಂಟೊಂಬತ್ತು ಅಡಿ. ದೂರದ ಊರಿಗಾದರೆ ಒಂದೇ 407 ಲಾರಿ ಅಥವಾ ಕ್ಯಾಂಟರ್ ತರಿಸಿ ಎನ್ನುತ್ತಿದ್ದೆ. ನಿಮ್ಮದು ಊರೊಳಗಿನ ಹಾದಿ, ಓಣಿ ಬೇರೆ ಇಕ್ಕಟ್ಟು, ಪಿಕಪ್ಪಿನಲ್ಲಿ ಎರಡು ಮೂರು ಟ್ರಿಪ್ ಹೊಡೆಸುವುದೇ ವಾಸಿ. ದೊಡ್ಡ ಗಾಡಿ ಓಣಿಯ ಬಾಯಲ್ಲಿ ನಿಂತರೆ ಪ್ರತಿಯೊಂದು ಸಾಮಾನನ್ನೂ ಅಲ್ಲಿಯ ತನಕ ಹೊರಬೇಕು. ಶೆಟ್ಟಿಹಳ್ಳಿ ಕಡೆಗೆ ರೈಲು ಹಳಿ ದಾಟಿ ಹೋಗಬೇಕಾದ್ದರಿಂದ, ಕೆಳಸೇತುವೆ ಹಾದಿ ಹಿಡಿಯುವ ಡ್ರೈವರಿಗೆ ಬೀರು ನಿಲ್ಲಿಸಿ ಕಟ್ಟಬೇಡ ಎಂದು ಮೊದಲೇ ಹೇಳಿ. ರೇಟನ್ನು ಗಾಡಿಗೆ ಬೇರೆ, ಹಮಾಲಿಗೆ ಬೇರೆ ಎಂದು ಬಿಡಿಸಿ ಮಾತಾಡಿ. ಓಣಿಯ ಉದ್ದ, ಮಹಡಿ, ಬೀರು ಎಷ್ಟು, ಎಲ್ಲ ತೋರಿಸಿಯೇ ಮಾತಾಡಿ.

ಇನ್ನು ಕಟ್ಟುವುದು. ಇಪ್ಪತ್ತೆಂಟು ವರ್ಷದ ಮನೆಯಲ್ಲಿ ನಿಜವಾದ ಕೆಲಸವಿರುವುದು ಅಟ್ಟದ ಮೇಲೆ. ತಿಂಗಳಿಗೆ ಮೊದಲೇ ಅಟ್ಟ ಇಳಿಸಿ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಮಕ್ಕಳ ತೊಟ್ಟಿಲು, ಕೆಟ್ಟ ಮಿಕ್ಸಿ ಮೂರು, ಯಾರದೋ ಮದುವೆ ಫೋಟೋ, ಎಲ್ಲ ಹೊರಬರುತ್ತವೆ. ಆರ್‌ಸಿಸಿ ಮನೆಯ ಅಟ್ಟ ಎಂದರೆ ಎರಡು ಅಡಿ ಅಗಲದ ಕಾಂಕ್ರೀಟು ಹಲಗೆ, ಹಂಚಿನ ಮನೆಯ ಅಟ್ಟದಷ್ಟು ನುಂಗುವುದಿಲ್ಲ. ಯಾವುದು ಬರಬೇಕು ಎನ್ನುವುದನ್ನು ಅತ್ತೆಯವರ ಮುಂದೆ ಕೂತೇ ತೀರ್ಮಾನಿಸಿ, ಅವರು ಮಲಗಿದಾಗ ಗುಜರಿಯವನನ್ನು ಕರೆಸಬೇಡಿ. ಹಾಗೆ ಮಾಡಿದ ಮನೆಯೊಂದರಲ್ಲಿ ವರ್ಷಗಟ್ಟಲೆ ಒಂದು ಹಿತ್ತಾಳೆ ಚೊಂಬಿನ ಮಾತು ನಡೆದದ್ದು ನನಗೆ ಗೊತ್ತು.

ಡಬ್ಬದ ಮೇಲೆ ಹೆಸರು ಬರೆಯುವಾಗ ಎಲ್ಲಿಂದ ತೆಗೆದದ್ದು ಎಂದು ಬರೆಯುತ್ತಾರೆ: ಪಡಸಾಲೆ, ನಡುಮನೆ, ಬಚ್ಚಲು. ಹೊಸ ಮನೆಯಲ್ಲಿ ನಡುಮನೆಯೇ ಇರುವುದಿಲ್ಲ. ಇಳಿಸುವ ಹುಡುಗ "ಇದೆಲ್ಲಿಡಲಿ ಅಕ್ಕಾ" ಎಂದು ಪ್ರತಿ ಡಬ್ಬಕ್ಕೂ ಕೂಗುತ್ತಾನೆ. ಎಲ್ಲಿಗೆ ಹೋಗಬೇಕೋ ಅದನ್ನು ಬರೆಯಿರಿ: ಅತ್ತೆ ರೂಮು, ಹಾಲ್, ಅಡುಗೆಮನೆ ಮೇಲಿನ ಕಪಾಟು. ಹೊಸ ಬಾಗಿಲುಗಳ ಮೇಲೂ ಅದೇ ಹೆಸರಿನ ಕಾಗದ ಅಂಟಿಸಿ. ಪಾತ್ರೆಗೆ ಗೋಣಿಚೀಲ ಸಾಕು, ಗಾಜಿಗೆ ಹಳೇ ಸೀರೆ, ಪುಸ್ತಕಕ್ಕೆ ಚಿಕ್ಕ ಡಬ್ಬ. ದೊಡ್ಡ ಡಬ್ಬಕ್ಕೆ ಪುಸ್ತಕ ತುಂಬಿದರೆ ತಳ ಕಿತ್ತು ಹೋಗುತ್ತದೆ. ಮೊದಲ ಟ್ರಿಪ್ಪಿಗೆ ಬೀರು, ಮಂಚ, ಹಾಸಿಗೆ ಹೋಗಲಿ. ಖಾಲಿ ಮನೆಯಲ್ಲಿ ಅವು ಸಲೀಸಾಗಿ ತಿರುಗುತ್ತವೆ, ಮಂಚ ಜೋಡಿಸಿದ ಮೇಲೆ ಅತ್ತೆಯವರಿಗೆ ಒರಗಲು ಜಾಗವಾಗುತ್ತದೆ. ಅಡುಗೆಮನೆ ಕೊನೇ ಟ್ರಿಪ್ಪು.

ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆಫ್ ಮಾಡಿ ನೀರು ಒರೆಸಿ. ನಿಲ್ಲಿಸಿಯೇ ಸಾಗಿಸಿ, ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಕೊಳವೆಗೆ ಏರುತ್ತದೆ. ಹೋದ ಮೇಲೆ ನಾಲ್ಕೈದು ಗಂಟೆ ಬಿಟ್ಟು ಸ್ವಿಚ್ ಹಾಕಿ. ಬಟ್ಟೆ ಹಾಕುವ ಬಾಗಿಲು ಮುಂದೆ ಇರುವ ವಾಷಿಂಗ್ ಮೆಷಿನ್ ಆದರೆ ಹೊಸತರಲ್ಲಿ ಅದರ ಹಿಂದೆ ನಾಲ್ಕು ಉದ್ದನೆ ಬೋಲ್ಟು ಬಂದಿದ್ದವು, ಡ್ರಮ್ಮು ಅಲ್ಲಾಡದಂತೆ ಬಿಗಿಯುವುದಕ್ಕೆ. ಯಾವ ಡ್ರಾಯರಿನಲ್ಲಿವೆ ಹುಡುಕಿ. ಇನ್ವರ್ಟರ್ ಬ್ಯಾಟರಿ ಐವತ್ತು ಕೆ.ಜಿ. ಮೇಲಿರುತ್ತದೆ, ಒಳಗೆ ಆಸಿಡ್, ಓರೆ ಮಾಡದೆ ಇಬ್ಬರು ಹಿಡಿಯಬೇಕು, ಬಟ್ಟೆ ಮೂಟೆ ಪಕ್ಕ ಇಡಬಾರದು. ಚಿನ್ನ, ಕಾಗದಪತ್ರ, ಅತ್ತೆಯವರ ಮಾತ್ರೆ ಡಬ್ಬ ಟೆಂಪೋ ಹತ್ತಬಾರದು, ಅವು ನಿಮ್ಮ ಕೈಯಲ್ಲೇ ಇರಲಿ.

ಗ್ಯಾಸು ಅದೇ ಏಜೆನ್ಸಿಯ ವ್ಯಾಪ್ತಿಯಲ್ಲಿದ್ದರೆ ವಿಳಾಸ ಬದಲಾಯಿಸಿದರೆ ಮುಗಿಯಿತು. ಏಜೆನ್ಸಿ ಬೇರೆಯಾದರೂ ಊರೊಳಗೇ ಆದ್ದರಿಂದ ಸಿಲಿಂಡರ್ ಒಪ್ಪಿಸಬೇಕಿಲ್ಲ, ವರ್ಗಾವಣೆ ಪತ್ರ ಪಡೆದು ಹೊಸಬರಿಗೆ ಕೊಟ್ಟರಾಯಿತು. ವೋಟರ್ ಪಟ್ಟಿಗೆ ಫಾರಂ 8. ಹಳೇ ಮನೆಯ ಮೀಟರ್ ರೀಡಿಂಗನ್ನೂ ಹೊಸ ಮನೆಯದನ್ನೂ ಅದೇ ದಿನ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಹೊಸ ಮನೆಯ ಗೋಡೆ, ಸಿಂಕು, ಬಾಗಿಲುಗಳ ಫೋಟೋವನ್ನೂ ಸಾಮಾನು ಇಳಿಸುವ ಮೊದಲೇ ತೆಗೆಯಿರಿ, ಬಿಡುವಾಗ ಬಣ್ಣದ ದುಡ್ಡು ಹಿಡಿದುಕೊಳ್ಳುವ ಮಾತು ಬಂದರೆ ಉಪಯೋಗಕ್ಕೆ ಬರುತ್ತದೆ.

ಇನ್ನು ಒರಳುಕಲ್ಲು. ಒಂದು ಘನ ಅಡಿ ಕರಿಕಲ್ಲು 75 ಕೆ.ಜಿ. ತೂಗುತ್ತದೆ. ನೆಲದಲ್ಲಿ ಹೂತ ಒರಳು ಮೇಲೆ ಕಾಣುವುದು ಸ್ವಲ್ಪ, ಕೆಳಗಿರುವುದೇ ಹೆಚ್ಚು. ಒಂದೂವರೆ ಅಡಿ ಚೌಕ, ಒಂದೂಕಾಲು ಅಡಿ ಆಳ ಎಂದು ಹಿಡಿದರೆ, ಗುಳಿ ಕಳೆದರೂ ಎರಡು ಕ್ವಿಂಟಾಲಿಗೆ ಹತ್ತಿರ. ಮನೆ ಕೆಡವುತ್ತಾರಾದ್ದರಿಂದ ಮಾಲೀಕರು ಬೇಡ ಎನ್ನಲಿಕ್ಕಿಲ್ಲ, ಆದರೂ ಒಂದು ಮಾತು ಕೇಳಿ. ಮಹಡಿ ಮನೆಗಳ ನೆಲವನ್ನು ಚದರ ಮೀಟರಿಗೆ 200 ಕೆ.ಜಿ. ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ. ಅಷ್ಟು ತೂಕವನ್ನು ಒಂದೂವರೆ ಅಡಿ ಜಾಗದಲ್ಲಿ ಕೂರಿಸಿ ಅದರಲ್ಲಿ ರುಬ್ಬುವುದನ್ನು ಕೆಳಗಿನ ಮನೆಯವರು ಸಹಿಸುವುದಿಲ್ಲ, ಮೆಟ್ಟಿಲಲ್ಲಿ ಹೊರುವವನ ಬೆನ್ನೂ ಉಳಿಯುವುದಿಲ್ಲ. ಮಹಡಿಗೆ ಹೋಗುವುದಾದರೆ ಗುಂಡುಕಲ್ಲು ಮಾತ್ರ ತರಿಸಿ. ಹಿತ್ತಲಿನ ಮನೆಯಾದರೆ ಪೂರ್ತಿ ಒರಳನ್ನೇ ತನ್ನಿ. ಸುತ್ತ ಹಾರೆಯಲ್ಲಿ ಅಗೆದು, ಅಡಿಗೆ ಎರಡು ಸರ್ವೆ ಕೋಲು ಕೊಟ್ಟು ಮೀಟಿ, ಕೋಲಿನ ಮೇಲೇ ಉರುಳಿಸಿಕೊಂಡು ಓಣಿ ದಾಟಿಸಬೇಕು. ಎತ್ತಲು ಹೋಗಬಾರದು. ಅದಕ್ಕೆ ಹಿಂದಿನ ದಿನವೇ ಇಬ್ಬರನ್ನು ಬೇರೆ ಕರೆಸಿ, ಸಾಮಾನಿನ ಜೊತೆ ಸೇರಿಸಬೇಡಿ. ಹಿತ್ತಲಲ್ಲಿ ಎಲ್ಲಿ ಇಡಬೇಕು ಎನ್ನುವುದನ್ನು ಅತ್ತೆಯವರೇ ತೋರಿಸಲಿ. ಒಮ್ಮೆ ಇಳಿಸಿದ ಮೇಲೆ ಅಷ್ಟು ಆಚೆಗೆ ಸರಿಸು, ಇಷ್ಟು ಈಚೆಗೆ ತಾ ಎಂದರೆ ಯಾರೂ ಬರುವುದಿಲ್ಲ.